ಕೂಡಿಟ್ಟ ಆಟ, ಆಡಿದ ಆಟ

2021ರ ಆಗಸ್ಟ್‌ನಲ್ಲಿ ಸೂಪರ್ ಮಾರಿಯೊ ಬ್ರದರ್ಸ್ ಆಟದ ಒಂದೇ ಒಂದು ಪ್ರತಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ನಿಂಟೆಂಡೊ ಯಂತ್ರಕ್ಕೆ 1985ರಲ್ಲಿ ಬಂದ ಆಟವದು. ಜಗತ್ತಿನಾದ್ಯಂತ 4 ಕೋಟಿ ಪ್ರತಿಗಳು ಖರ್ಚಾಗಿದ್ದು, ಬಳಸಿದ ಕಾರ್ಟ್ರಿಜ್ ಬೇಕೆಂದರೆ ಇವತ್ತಿಗೂ ಕಷ್ಟವಿಲ್ಲದೆ ಸಿಗುತ್ತದೆ. ಈ ಪ್ರತಿಗೆ ಅಷ್ಟು ಬೆಲೆ ಕಟ್ಟಿಸಿದ್ದು ಅದರ ಪೆಟ್ಟಿಗೆಯ ಸೀಲ್. ಅದನ್ನು ಯಾರೂ ಒಡೆದಿರಲಿಲ್ಲ. ರ್‍ಯಾಲಿ ಎಂಬ ಹೂಡಿಕೆ ಕಂಪನಿ ಹಿಂದಿನ ವರ್ಷ ಅದನ್ನು 1,40,000 ಡಾಲರಿಗೆ ಕೊಂಡು, ಷೇರುಗಳಾಗಿ ಒಡೆದು ಜನರಿಗೆ ಮಾರಿತ್ತು. ಕೊಂಡವರಲ್ಲಿ ಯಾರೂ ಅದನ್ನು ಆಡುವಂತಿಲ್ಲ. ಸೀಲ್ ಹರಿದರೆ ಬೆಲೆಯೂ ಹೋಯಿತು.

ಎರಡು ವರ್ಷ ಕಳೆದು, 2023ರ ಡಿಸೆಂಬರ್‌ನಲ್ಲಿ, ಅಮೆರಿಕದ ಒಕ್ಲಹೋಮ ರಾಜ್ಯದ 13 ವರ್ಷದ ಹುಡುಗನೊಬ್ಬ ಅದೇ ನಿಂಟೆಂಡೊ ಯಂತ್ರಕ್ಕೆ 1989ರಲ್ಲಿ ಬಂದ ಟೆಟ್ರಿಸ್ ಆಟವನ್ನು ಸೋಲಿಸಿದ. ಆ ಆಟವನ್ನು ಮಾಡಿದವರು ಅದಕ್ಕೆ ಮುಕ್ತಾಯ ಎಂಬುದನ್ನು ಇಟ್ಟಿರಲಿಲ್ಲ. 29ನೇ ಲೆವೆಲ್ಲಿಗೆ ಬಂದಾಗ ತುಂಡುಗಳು ಬೀಳುವ ವೇಗ ಎಷ್ಟಿರುತ್ತದೆಂದರೆ, ಗುಂಡಿಯನ್ನು ಒತ್ತಿ ಹಿಡಿದರೆ ಅವು ಅಂಚಿಗೆ ಸರಿಯುವ ಮುನ್ನವೇ ಕೆಳಗೆ ಬಿದ್ದಿರುತ್ತವೆ. ಮನುಷ್ಯನ ಕೈಗೆ ಅಲ್ಲಿಗೆ ಮುಗಿಯಿತು ಎಂದೇ ಬಹಳ ವರ್ಷ ಎಲ್ಲರೂ ನಂಬಿದ್ದರು. 2011ರಲ್ಲಿ ಥಾರ್ ಆಕರ್‌ಲುಂಡ್ ಎಂಬ ಆಟಗಾರ ಬೆರಳನ್ನು ನಡುಗಿಸುತ್ತ ಅತಿವೇಗವಾಗಿ ಗುಂಡಿ ಒತ್ತಿ 30ನ್ನು ಮುಟ್ಟಿದರು. ಅವರ ನಂತರ ಬಂದವರು ಇನ್ನೊಂದು ಪಟ್ಟು ಕಂಡುಹಿಡಿದರು. ಹೆಬ್ಬೆರಳನ್ನು ಗುಂಡಿಗೆ ತಾಗಿಸಿ ಹಗುರವಾಗಿ ಇಟ್ಟುಕೊಳ್ಳುವುದು, ಇನ್ನೊಂದು ಕೈಯ ಬೆರಳುಗಳನ್ನು ಕಂಟ್ರೋಲರಿನ ಬೆನ್ನಿನ ಮೇಲೆ ತಬಲಾದ ಮೇಲೆ ಆಡಿಸಿದ ಹಾಗೆ ಒಂದರ ಹಿಂದೊಂದು ಉರುಳಿಸುವುದು. ಹಿಂದಿನಿಂದ ಬಿದ್ದ ಒಂದೊಂದು ತಟ್ಟಿಗೂ ಮುಂದಿನ ಗುಂಡಿ ಒಂದೊಂದು ಸಲ ಒತ್ತುತ್ತದೆ. ಇದೇ ಪಟ್ಟಿನಲ್ಲಿ ಹುಡುಗ ಸುಮಾರು 38 ನಿಮಿಷ ಆಡಿ 157ನೇ ಲೆವೆಲ್ ಮುಟ್ಟಿದಾಗ ಆಟದ ಪ್ರೋಗ್ರಾಂ ತಾಳಲಾರದೆ ಸ್ತಬ್ಧವಾಯಿತು. ಆಟ ಹೊರಬಂದು 34 ವರ್ಷವಾದ ಮೇಲೆ, ಅದನ್ನು ಮಾಡಿದವರಿಗೂ ಗೊತ್ತಿರದ ಒಂದು ಕೊನೆಯನ್ನು ಅವನು ಕಂಡ.

ಒಂದೇ ಯಂತ್ರದ ಎರಡು ಆಟಗಳು, ಎರಡು ಬಗೆಯ ಪ್ರೀತಿ. ಕಳೆದ ಕೆಲವು ವರ್ಷಗಳಿಂದ ವಿಡಿಯೋ ಗೇಮ್ ಸಂಗ್ರಾಹಕರಲ್ಲೇ ಅನೇಕರು ಮೊದಲನೆಯದನ್ನು ಬಿಟ್ಟು ಎರಡನೆಯದರ ಕಡೆ ಹೊರಳುತ್ತಿದ್ದಾರೆ. ಕಪಾಟಿನ ಮುಕ್ಕಾಲು ಪಾಲನ್ನು ಮಾರುವುದು ಇಲ್ಲವೆ ಹಂಚುವುದು, ಉಳಿದ ಕೆಲವನ್ನು ಮನಸಾರೆ ಆಡುವುದು ಅವರ ಕ್ರಮ. ಈ ಪದ್ಧತಿಯ ಹಿಂದಿರುವ ವಿವೇಕ ದೊಡ್ಡದು. ಆದರೆ ಅದನ್ನು ನಡೆಸುತ್ತಿರುವ ರೀತಿಯಲ್ಲಿ ಕೆಲವು ದೋಷಗಳಿವೆ, ಅವುಗಳಲ್ಲಿ ಒಂದೆರಡು ಗಂಭೀರವೇ ಆಗಿವೆ.

ಸಂಗ್ರಹ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಬಫಲೋ ಪ್ರದೇಶದ ಮೈಕೇಲ್ ಥಾಮಸನ್ ಅವರ ಕಥೆ ಪ್ರಸಿದ್ಧ. 2014ರ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ 10,607 ಆಟಗಳೊಂದಿಗೆ ಅವರ ಹೆಸರು ಬಂತು. ಆ ವರ್ಷದ ಜೂನ್‌ನಲ್ಲೇ ಅವರು ಕುಟುಂಬದ ಅಗತ್ಯಕ್ಕಾಗಿ ಇಡೀ ಸಂಗ್ರಹವನ್ನು ಹರಾಜಿಗಿಟ್ಟರು. ಕೊನೆಯ ಕೂಗು 7,50,250 ಡಾಲರಿಗೆ ನಿಂತಿತು. ದಾಖಲೆ ಮುಂದೆ ಟೆಕ್ಸಸ್‌ನ ಆಂಟೊನಿಯೊ ಮೊಂಟೇರೊ ಅವರ ಪಾಲಾಯಿತು: 2019ರಲ್ಲಿ ಎಣಿಸಿದಾಗ 20,139 ಆಟ. ಒಂದೊಂದನ್ನು ಒಂದೇ ಗಂಟೆ, ದಿನಕ್ಕೆ ಎರಡು ಗಂಟೆಯಂತೆ ತಪ್ಪದೆ ಆಡಿದರೂ ಅಷ್ಟನ್ನು ಮುಟ್ಟಿ ಬರಲು 27 ವರ್ಷ ಮೀರುತ್ತದೆ. ಇವರಿಬ್ಬರನ್ನು ದೂರುವ ಮಾತೇ ಇಲ್ಲ. ಇಂಥ ಸಂಗ್ರಹ ಆಡುವುದಕ್ಕೆಂದು ಕೂಡಿಸಿದ್ದಲ್ಲ, ಅದು ಒಂದು ಕಾಲದ ದಾಖಲೆ. ತೊಡಕು ಇರುವುದು ನಡುವಿನ ಗಾತ್ರದ ಕಪಾಟುಗಳಲ್ಲಿ. ಇನ್ನೂರು, ಮುನ್ನೂರು ಆಟಗಳನ್ನು ಎಂದಾದರೂ ಆಡೋಣ ಎಂದೇ ತಂದು ಜೋಡಿಸಿ, ಆ ದಿನ ಬರದೆ ಧೂಳು ಹಿಡಿಸಿದ ಮನೆಗಳಲ್ಲಿ.

ಲೆಕ್ಕ ಸರಳವಾಗಿದೆ. ಜರ್ನಿ ಎಂಬ ಸುಂದರ ಆಟ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಪೋರ್ಟಲ್ ಮೂರು ಗಂಟೆ ತೆಗೆದುಕೊಳ್ಳುತ್ತದೆ. ವಿಚರ್ 3ರ ಮುಖ್ಯ ಕಥೆಗೇ ಐವತ್ತು ಗಂಟೆ ಬೇಕು, ಪರ್ಸೋನಾ 5 ನೂರರ ಹತ್ತಿರ ಹೋಗುತ್ತದೆ. ಸರಾಸರಿ ಇಪ್ಪತ್ತು ಗಂಟೆ ಎಂದಿಟ್ಟುಕೊಂಡರೆ ಮುನ್ನೂರು ಆಟಕ್ಕೆ 6,000 ಗಂಟೆ. ಕೆಲಸ, ಸಂಸಾರ ಇರುವವರು ದಿನಕ್ಕೊಂದು ಗಂಟೆ ಆಡಿದರೆ ಹದಿನಾರು ವರ್ಷ ಹಿಡಿಯುತ್ತದೆ, ಅದೂ ಈ ನಡುವೆ ಹೊಸದೊಂದನ್ನೂ ಕೊಳ್ಳದಿದ್ದರೆ. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿದವರಿಗೆ ಕಪಾಟು ಮೊದಲಿನಂತೆ ಕಾಣುವುದಿಲ್ಲ. ಸಂಜೆ ಆಡಲು ಕುಳಿತು, ಯಾವುದನ್ನು ಹಾಕಲಿ ಎಂದು ಅರ್ಧ ಗಂಟೆ ಪೆಟ್ಟಿಗೆಗಳ ಬೆನ್ನು ಓದಿ, ಕೊನೆಗೆ ಟಿ.ವಿ. ಆರಿಸಿ ಮಲಗುವ ಅನುಭವ ದೊಡ್ಡ ಕಪಾಟಿನವರಿಗೆಲ್ಲ ಗೊತ್ತು.

ಡಿಸ್ಕು, ಕಾರ್ಟ್ರಿಜ್‌ಗಳನ್ನು ಮಾರಿ ಎಲ್ಲವನ್ನೂ ಡೌನ್‌ಲೋಡ್ ರೂಪಕ್ಕೆ ಬದಲಿಸಿಕೊಂಡವರು ತಮ್ಮದೂ ಹೊರೆ ಇಳಿಸಿದ ಕೆಲಸವೇ ಎಂದುಕೊಳ್ಳುತ್ತಾರೆ. ಇದು ಮೊದಲ ದೋಷ. ಅಲ್ಲಿ ಹೊರೆ ಇಳಿದಿಲ್ಲ, ಕಣ್ಣಿಗೆ ಬೀಳದ ಜಾಗಕ್ಕೆ ಹೋಗಿದೆ. ಆರ್ಸ್ ಟೆಕ್ನಿಕಾ ಪತ್ರಿಕೆ 2014ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಬಳಕೆದಾರರ ಖಾತೆಗಳನ್ನು ಮಾದರಿಯಾಗಿ ತೆಗೆದು ನೋಡಿದಾಗ, ಕೊಂಡ ಆಟಗಳಲ್ಲಿ ಸುಮಾರು ಶೇಕಡಾ 37 ಒಂದು ಸಲವೂ ತೆರೆಯದೆ ಬಿದ್ದಿದ್ದವು. ಹಬ್ಬದ ರಿಯಾಯಿತಿ, ಹತ್ತು ಆಟಗಳ ಕಟ್ಟು, ಎಪಿಕ್ ಅಂಗಡಿ 2018ರ ಡಿಸೆಂಬರ್‌ನಿಂದ ಬಿಟ್ಟಿಯಾಗಿ ಕೊಡುತ್ತ ಬಂದಿರುವ ಆಟಗಳು, ತಿಂಗಳ ಚಂದಾಕ್ಕೆ ನೂರಾರು ಆಟ ತೆರೆದಿಡುವ ಗೇಮ್ ಪಾಸ್, ಎಲ್ಲ ಸೇರಿ ಈ ಗುಡ್ಡ ಬೆಳೆಯುತ್ತಲೇ ಇದೆ. ಇತ್ತ ಜನ ನಿಜವಾಗಿ ಆಡುವುದು ಎಷ್ಟು? ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2024ರ ಲೆಕ್ಕ ಬಿಡುಗಡೆ ಮಾಡಿದಾಗ, ನಡುಮಟ್ಟದ ಬಳಕೆದಾರ ಇಡೀ ವರ್ಷದಲ್ಲಿ ಆಡಿದ್ದು ನಾಲ್ಕೇ ಆಟ ಎಂದು ಹೊರಬಿತ್ತು. ಆಡಿದ ಒಟ್ಟು ಸಮಯದಲ್ಲಿ ಆ ವರ್ಷದ ಹೊಸ ಆಟಗಳಿಗೆ ಸಿಕ್ಕಿದ್ದು ಶೇಕಡಾ 15, ಎಂಟು ವರ್ಷ ಇಲ್ಲವೆ ಅದಕ್ಕೂ ಹಳೆಯವಕ್ಕೆ ಶೇಕಡಾ 37. ಕೊಳ್ಳುವಾಗ ಹೊಸದಕ್ಕೆ ಕೈ ಚಾಚುವ ಜನ ಆಡುವಾಗ ತಮಗೆ ಒಗ್ಗಿದ ಹಳೆಯದಕ್ಕೆ ಮರಳುತ್ತಾರೆ. ಕಡಿಮೆ ಇಟ್ಟುಕೊಂಡು ಹೆಚ್ಚು ಆಡುವ ಪದ್ಧತಿಯ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಬೆಳೆದವರಿಗೆ ಈ ಮಾತಿನ ರುಚಿ ಬೇರೆ ಕಡೆಯಿಂದ ಗೊತ್ತು. ಅವರ ಮನೆಗೆ ಬಂದದ್ದು ಅಸಲಿ ನಿಂಟೆಂಡೊ ಅಲ್ಲ, ಅದರ ನಕಲು ಯಂತ್ರ. ಅದನ್ನು ಟಿವಿ ಗೇಮ್ ಎಂದರು, ಕಾರ್ಟ್ರಿಜ್ಜನ್ನು ಕ್ಯಾಸೆಟ್ ಎಂದರು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದವು ಕೆಲವೇ ಆಟಗಳು, ಮತ್ತೆ ಮತ್ತೆ ಬೇರೆ ನಂಬರಿನಲ್ಲಿ. ಮಾರಿಯೊ, ಕಾಂಟ್ರಾ, ಡಕ್ ಹಂಟ್, ರೋಡ್ ಫೈಟರ್, ಸರ್ಕಸ್ ಚಾರ್ಲಿ. ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದಿ ಮತ್ತೆ ಹಾಕುತ್ತಿದ್ದರು. ಬೇಸಿಗೆ ರಜೆ ಪೂರ್ತಿ ಅಷ್ಟೇ ಆಟ. ಆದ್ದರಿಂದಲೇ ಕಾಂಟ್ರಾದ ಜಲಪಾತದ ಹಂತದಲ್ಲಿ ಯಾವ ಬಂಡೆಯ ಮೇಲೆ ಯಾವಾಗ ಹಾರಬೇಕು ಎಂಬುದು ಕೈಗೇ ನೆನಪಿರುತ್ತಿತ್ತು, ಜೊತೆಗಾರ ಹಿಂದೆ ಉಳಿದರೆ ಮೇಲೆ ಹತ್ತಿದವನಿಂದಲೇ ಅವನ ಜೀವ ಹೋಗುತ್ತದೆಂದು ಅಣ್ಣತಮ್ಮಂದಿರು ಜಗಳವಾಡಿಕೊಂಡೇ ಕಲಿತಿದ್ದರು. ಮೂವತ್ತು ಜೀವ ಕೊಡುವ ಗುಂಡಿಗಳ ಮಂತ್ರ ಬಾಯಿಂದ ಬಾಯಿಗೆ ಬರುತ್ತಿತ್ತು. ಜಪಾನಿನ ಕಝುಹಿಸಾ ಹಶಿಮೊಟೊ 1986ರ ಗ್ರೇಡಿಯಸ್ ಆಟವನ್ನು ಪರೀಕ್ಷಿಸಲು ತಮಗೇ ಕಷ್ಟವಾಗುತ್ತಿದೆ ಎಂದು ಒಳಗೆ ಸೇರಿಸಿಕೊಂಡ ಸಂಕೇತ ಅದು. ಆ ಮಕ್ಕಳಿಗೆ ಆಯ್ಕೆಯಿರಲಿಲ್ಲ, ನಿಜ. ಬಡತನವನ್ನು ಆದರ್ಶವೆಂದು ಹೊಗಳುವುದು ಬೇಡ. ಆದರೆ ಒಂದು ಆಟವನ್ನು ಅಷ್ಟು ಆಳವಾಗಿ ಅರಿಯುವ ಸುಖ ಆಗ ಸಿಕ್ಕಿದ್ದು ಬೇರೆ ಆಟಗಳು ಇರಲಿಲ್ಲವೆಂಬ ಕಾರಣಕ್ಕೇ. ದುಡಿಯಲು ಶುರುಮಾಡಿದ ಮೇಲೆ ಇನ್ನೂರು ಆಟ ಕೊಂಡವರಲ್ಲಿ ಅನೇಕರು ಅದೇ ಸುಖವನ್ನು ಹುಡುಕುತ್ತಿದ್ದಾರೆ.

ಇಂದಿನ ಬೆಂಗಳೂರಿನಲ್ಲೂ ಈ ಪದ್ಧತಿಯ ಒಂದು ರೂಪ ಯಾರೂ ಹೇಳಿಕೊಡದೆ ನಡೆಯುತ್ತ ಬಂದಿದೆ. ಪಿಎಸ್5 ಯಂತ್ರ ಬಂದಾಗ ಸೋನಿಯ ದೊಡ್ಡ ಆಟಗಳ ಬೆಲೆ ಭಾರತದಲ್ಲಿ 4,999 ರೂಪಾಯಿಗೆ ಏರಿತು. ಈ ಬೆಲೆ ಕೊಟ್ಟು ಕಪಾಟು ತುಂಬಿಸಲು ಎಲ್ಲರಿಗೂ ಆಗುವುದಿಲ್ಲ. ಹೀಗಾಗಿ ಒಂದು ಡಿಸ್ಕ್ ಕೊಳ್ಳುವುದು, ಮುಗಿಸುವುದು, ಮಾರುವುದು, ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ ಇನ್ನೊಂದು ತರುವುದು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ, ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕುಗಳು ಹೀಗೆ ಕೈ ಬದಲಾಯಿಸುತ್ತವೆ. ಮುಗಿಸದೆ ಮಾರಲು ಮನಸ್ಸು ಬಾರದು, ತಡಮಾಡಿದರೆ ಬೆಲೆ ಇಳಿಯುತ್ತದೆ, ಹೀಗಾಗಿ ಆಟ ಶ್ರದ್ಧೆಯಿಂದ ಮುಗಿಯುತ್ತದೆ. ಅಮೆರಿಕದ ಸಂಗ್ರಾಹಕರು ಪುಸ್ತಕ ಓದಿ, ಸಂಕಲ್ಪ ಮಾಡಿ ಕಲಿಯುತ್ತಿರುವ ಶಿಸ್ತು ಇಲ್ಲಿ ಕೊಡುಕೊಳ್ಳುವಿಕೆಯ ಒಳಗೇ ಇದೆ. ಆದರೆ ಇದಕ್ಕೆ ಡಿಸ್ಕ್ ಬೇಕು. ಡೌನ್‌ಲೋಡ್ ಮಾಡಿಕೊಂಡ ಆಟವನ್ನು ಮಾರಲೂ ಬಾರದು, ತಂಗಿಯ ಮಗನಿಗೆ ಕೊಡಲೂ ಬಾರದು. ಡಿಸ್ಕ್ ಹಾಕುವ ಬಾಯಿಯೇ ಇಲ್ಲದ ಯಂತ್ರಗಳು ಹೆಚ್ಚುತ್ತಿರುವುದು ಈ ದೃಷ್ಟಿಯಿಂದ ದೊಡ್ಡ ನಷ್ಟ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಅನೇಕ ಕಾರ್ಡುಗಳಲ್ಲಿ ಆಟವೇ ಇಲ್ಲ, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇದೆ. ಕಾರ್ಡನ್ನು ಮಾರಬಹುದು, ಅಷ್ಟರ ಮಟ್ಟಿಗೆ ವಾಸಿ. ಸರ್ವರ್ ಮುಚ್ಚಿದ ದಿನ ಅದು ಪ್ಲಾಸ್ಟಿಕ್ ತುಂಡು.

ಎರಡನೇ ದೋಷ ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ತೀರ್ಮಾನದಲ್ಲಿದೆ. ಅನೇಕರು ಬೆಲೆ ನೋಡಿ ವಿಂಗಡಿಸುತ್ತಾರೆ. ದುಬಾರಿಯಾದದ್ದು ಉಳಿಯುತ್ತದೆ, ಅಗ್ಗವಾದದ್ದು ಹೋಗುತ್ತದೆ. ಇದರಿಂದ ಕಪಾಟು ಸಣ್ಣದಾಗುತ್ತದೆಯೇ ಹೊರತು ಆಟ ಹೆಚ್ಚುವುದಿಲ್ಲ, ಏಕೆಂದರೆ ದುಬಾರಿ ಪ್ರತಿಯನ್ನು ಮುಟ್ಟಲು ಒಡೆಯನಿಗೇ ಭಯ. ಸಾವಿರ ಸಲ ಆಡಿದ, ಲೇಬಲ್ ಕಿತ್ತುಹೋದ ಟೆಟ್ರಿಸ್ ಮೊದಲು ಮಾರಾಟವಾಗಿ, ಎಂದೂ ಯಂತ್ರಕ್ಕೆ ಹಾಕದ ಅಪರೂಪದ ಪೆಟ್ಟಿಗೆ ಉಳಿದರೆ ಇಡೀ ಪ್ರಯತ್ನವೇ ತಲೆಕೆಳಗಾದಂತೆ.

ಮುಟ್ಟದೆ ಇಟ್ಟರೆ ಆಟ ಕೆಡದೆ ಉಳಿಯುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1987ರಲ್ಲಿ ಅಮೆರಿಕಕ್ಕೆ ಬಂದ ಲೆಜೆಂಡ್ ಆಫ್ ಜೆಲ್ಡಾದ ಚಿನ್ನದ ಬಣ್ಣದ ಕಾರ್ಟ್ರಿಜ್ಜನ್ನು ಬಿಚ್ಚಿ ನೋಡಿದರೆ ಇದು ಅರ್ಥವಾಗುತ್ತದೆ. ಹಸಿರು ಬೋರ್ಡಿನ ಮೇಲೆ ಆಟವಿರುವ ಚಿಪ್, ಅದರ ಜೊತೆಗೆ ಆಟಗಾರನ ಪ್ರಗತಿ ಬರೆದಿಡುವ ಸಣ್ಣ ಮೆಮೊರಿ ಚಿಪ್, ಮೂಲೆಯಲ್ಲಿ ಬೆಸುಗೆ ಹಾಕಿದ ನಾಣ್ಯದಾಕಾರದ ಬ್ಯಾಟರಿ. ಯಂತ್ರ ಆರಿದಾಗ ಆ ಮೆಮೊರಿಯನ್ನು ಜೀವಂತವಾಗಿಡುವುದು ಈ ಬ್ಯಾಟರಿಯೇ. ಆಡಿದರೂ ಆಡದಿದ್ದರೂ ಅದು ಸವೆಯುತ್ತದೆ, ಒಂದು ದಿನ ಬರಿದಾಗುತ್ತದೆ, ಸೇವ್ ಆದದ್ದೆಲ್ಲ ಅಳಿಸಿಹೋಗುತ್ತದೆ. ಪೋಕೆಮಾನ್ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಹಗಲು ರಾತ್ರಿ ತೋರಿಸುವ ಗಡಿಯಾರವೂ ಅದೇ ಬ್ಯಾಟರಿಯಿಂದ ನಡೆಯುವುದರಿಂದ ಅವು ಇನ್ನೂ ಬೇಗ ಸಾಯುತ್ತವೆ. ಹೊಸ ಬ್ಯಾಟರಿ ಹಾಕಬಹುದು. ಅದಕ್ಕೆ 3.8 ಮಿಲಿಮೀಟರಿನ ವಿಶೇಷ ಬಿಟ್, ಬೆಸುಗೆ ಕಡ್ಡಿ ಬೇಕು, ಹಳೆಯ ಸೇವ್ ಬೇಕಿದ್ದರೆ ಬ್ಯಾಟರಿ ಸಾಯುವ ಮುನ್ನವೇ ಕಂಪ್ಯೂಟರಿಗೆ ಇಳಿಸಿಕೊಂಡಿರಬೇಕು. ಬಳಸದ ಕಾರ್ಟ್ರಿಜ್ಜಿನ ತಾಮ್ರದ ಕಾಲುಗಳು ಮಂಕಾಗಿ ಹಿಡಿತ ತಪ್ಪುತ್ತವೆ. ಅದಕ್ಕೆ ಮದ್ದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿ. ಊದುವುದಂತೂ ಬೇಡ, ಉಗುಳಿನ ತೇವ ಲೋಹವನ್ನು ಇನ್ನಷ್ಟು ಕೆಡಿಸುತ್ತದೆ. ಸೆಗಾ ಗೇಮ್ ಗೇರ್ ಯಂತ್ರಗಳ ಕೆಪಾಸಿಟರುಗಳು ಸೋರಿ ಚಿತ್ರ, ಸದ್ದು ಎರಡೂ ಹೋಗುತ್ತವೆ. ಇಷ್ಟೆಲ್ಲ ನಿಗಾ ಮುನ್ನೂರು ಆಟಗಳಿಗೆ ಕೊಡಲು ಯಾರಿಂದಲೂ ಆಗದು, ಮೂವತ್ತಕ್ಕೆ ಕೊಡಬಹುದು. ಸಂಗ್ರಹ ಇಳಿಸುವುದರ ಈ ಲಾಭವನ್ನು ಯಾರೂ ಸಾಕಷ್ಟು ಹೇಳುತ್ತಿಲ್ಲ.

ಈಗ ಎದುರು ವಾದ. ಇದು ಹಗುರವಾದದ್ದಲ್ಲ. 2023ರ ಜುಲೈನಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಹೊರತಂದಿತು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡಾ 87 ಇಂದು ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲ ಎಂಬುದು ಅದರ ಸಾರ. ಅದೇ ವರ್ಷದ ಮಾರ್ಚ್ 27ರಂದು ನಿಂಟೆಂಡೊ ತನ್ನ 3ಡಿಎಸ್, ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು, ಅಲ್ಲಿ ಮಾತ್ರ ಮಾರಾಟವಾಗುತ್ತಿದ್ದ ಆಟಗಳನ್ನು ಕೊಳ್ಳುವ ದಾರಿ ಅಲ್ಲಿಗೆ ನಿಂತಿತು. 2024ರ ಮಾರ್ಚ್ ಕೊನೆಗೆ ಯೂಬಿಸಾಫ್ಟ್ ಕಾರು ಓಟದ ದಿ ಕ್ರೂ ಆಟದ ಸರ್ವರ್ ಆರಿಸಿದಾಗ ದುಡ್ಡು ಕೊಟ್ಟು ಡಿಸ್ಕ್ ಕೊಂಡವರಿಗೂ ಆಟ ಇಲ್ಲವಾಯಿತು. ಇದನ್ನು ಪ್ರತಿಭಟಿಸಿ ರಾಸ್ ಸ್ಕಾಟ್ ಎಂಬುವರು ಹುಟ್ಟುಹಾಕಿದ ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿತ್ತು. ಗ್ರಂಥಾಲಯಗಳು ತಮ್ಮಲ್ಲಿರುವ ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದ ತೆರೆದುಕೊಡಲು ಅನುಮತಿ ಕೇಳಿದರೆ, ಅಮೆರಿಕದ ಕಾಪಿರೈಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ಅದನ್ನು ತಳ್ಳಿಹಾಕಿತು.

ಹೀಗಿರುವಾಗ ಆಟಗಳ ಇತಿಹಾಸ ಉಳಿದಿರುವುದು ಬಹುಪಾಲು ಹುಚ್ಚು ಪ್ರೀತಿಯ ಸಂಗ್ರಾಹಕರ ಮನೆಗಳಲ್ಲಿ. ಅವರು ಒಂದು ದಿನ ಮನಸ್ಸು ಬದಲಿಸಿ ಎಲ್ಲವನ್ನೂ ಹರಾಜಿಗೆ ಹಾಕಿದರೆ ಆ ಇತಿಹಾಸ ಚದುರಿಹೋಗುತ್ತದೆ, ಸೀಲ್ ಒಡೆಯದ ಪೆಟ್ಟಿಗೆಗಳ ಹೂಡಿಕೆದಾರರ ತಿಜೋರಿ ಸೇರುತ್ತದೆ. ಸಂಗ್ರಹ ಇಳಿಸುವುದನ್ನು ಹೊಗಳುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಇದಕ್ಕೆ ಉತ್ತರವೂ ಇದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಸ್ಟ್ರಾಂಗ್ ಆಟದ ವಸ್ತುಸಂಗ್ರಹಾಲಯ, ಬರ್ಲಿನ್ನಿನಲ್ಲಿ ಕಂಪ್ಯೂಟರ್ ಗೇಮ್ ಮ್ಯೂಸಿಯಂ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಾಷ್ಟ್ರೀಯ ವಿಡಿಯೋ ಗೇಮ್ ಮ್ಯೂಸಿಯಂ ಇವೆ. ಎಲ್ಲರ ಬಳಿಯೂ ಇರುವ ಮಾರಿಯೊ ಅವರಿಗೆ ಬೇಕಾಗಲಾರದು. ಕೈಪಿಡಿ, ಜಾಹೀರಾತು, ಮಾದರಿ ಪ್ರತಿ, ಸಣ್ಣ ದೇಶದಲ್ಲಿ ಮಾತ್ರ ಮಾರಿದ ಆವೃತ್ತಿ, ಇಂಥವನ್ನು ಮಾರುವ ಮುನ್ನ ಅಲ್ಲಿಗೊಂದು ಪತ್ರ ಬರೆದು ಕೇಳಬೇಕು. ಕರ್ನಾಟಕದ ಮನೆಗಳ ಅಟ್ಟದ ಮೇಲಿರುವ ನಕಲು ಯಂತ್ರಗಳೂ 9999 ಆಟದ ಕ್ಯಾಸೆಟ್ಟುಗಳೂ ಅಂಥ ದಾಖಲೆಗಳೇ. ಗುಜರಿಗೆ ಹಾಕುವ ಮುನ್ನ ಅವುಗಳ ಪೆಟ್ಟಿಗೆ, ಬೋರ್ಡುಗಳ ಫೋಟೊ ತೆಗೆದು, ಎಲ್ಲಿ, ಎಷ್ಟಕ್ಕೆ ಕೊಂಡದ್ದು ಎಂದು ಹಿರಿಯರನ್ನು ಕೇಳಿ ಬರೆದಿಟ್ಟರೂ ದೊಡ್ಡ ಉಪಕಾರ.

ಮೂರನೆಯ ದೋಷ ಸೂಕ್ಷ್ಮವಾದದ್ದು. ಕಪಾಟು ಇಳಿಸಿದ ಉತ್ಸಾಹದಲ್ಲಿ ಕೆಲವರು ಉಳಿದ ಆಟಗಳ ಪಟ್ಟಿ ಮಾಡಿ, ಒಂದೊಂದನ್ನೂ ಮುಗಿಸಿ ಗೆರೆ ಎಳೆಯಲು ಹೊರಡುತ್ತಾರೆ. ವರ್ಷಕ್ಕೆ ಐವತ್ತೆರಡು ಆಟ, ಟ್ರೋಫಿ ಪೂರ್ತಿ, ತಿಂಗಳ ಲೆಕ್ಕ. ಕೂಡಿಡುವ ಚಟವೇ ಇಲ್ಲಿ ಮುಗಿಸುವ ಚಟವಾಗಿ ಮುಂದುವರಿದಿದೆ. ಕಾಂಟ್ರಾ ಆಡಿದ ಮಕ್ಕಳು ಅದನ್ನು ಮುಗಿಸಿದ ಮರುಕ್ಷಣವೇ ಮೊದಲಿನಿಂದ ಶುರುಮಾಡುತ್ತಿದ್ದರು. ಟೆಟ್ರಿಸ್ ಹುಡುಗನಿಗೂ ಮುಗಿಸಬೇಕಾದ ಪಟ್ಟಿ ಇರಲಿಲ್ಲ. ಇಷ್ಟವಾಗದ ಆಟವನ್ನು ನಡುವೆಯೇ ಬಿಡುವ, ಇಷ್ಟವಾದದ್ದಕ್ಕೆ ಹತ್ತನೇ ಸಲ ಮರಳುವ ಸ್ವಾತಂತ್ರ್ಯ ಇಲ್ಲದಿದ್ದರೆ ಮುನ್ನೂರರ ಬದಲು ಮೂವತ್ತು ಇಟ್ಟುಕೊಂಡರೂ ಹೊರೆ ಹೊರೆಯೇ. ಆದ್ದರಿಂದ ವಿಂಗಡಿಸುವಾಗ ಬೆಲೆ, ಹೆಸರು, ವಿಮರ್ಶಕರ ಅಂಕ ಯಾವುದನ್ನೂ ನೋಡದೆ ಪ್ರತಿಯೊಂದನ್ನೂ ಒಂದು ಸಂಜೆ ಯಂತ್ರಕ್ಕೆ ಹಾಕಿ ನೋಡುವುದೇ ಒಳ್ಳೆಯ ಕ್ರಮ. ಮರುದಿನ ಮತ್ತೆ ಅದಕ್ಕೇ ಮನಸ್ಸು ಎಳೆದರೆ ಅದು ಉಳಿಯಲಿ. ನಿಧಾನದ ಕೆಲಸವಿದು, ವರ್ಷವೇ ಹಿಡಿಯಬಹುದು. ಆದರೆ ಆ ವರ್ಷವೆಲ್ಲ ಆಡಿದ್ದೇ ಆಗುತ್ತದೆ.

ಏನೇ ಮಾರಿದರೂ ಎರಡನೇ ಕಂಟ್ರೋಲರನ್ನು ಮಾತ್ರ ಮಾರಬಾರದು. ಒಂದೇ ಟಿ.ವಿ.ಯ ಮುಂದೆ ಇಬ್ಬರು ಕುಳಿತು ಆಡುವ ಆಟಗಳು ಕಡಿಮೆಯಾಗಿವೆ, ಸತ್ತಿಲ್ಲ. ಸ್ವೀಡನ್ನಿನ ಹೇಜ್‌ಲೈಟ್ ಸಂಸ್ಥೆಯ ಇಟ್ ಟೇಕ್ಸ್ ಟು 2021ರಲ್ಲಿ ಗೇಮ್ ಅವಾರ್ಡ್ಸ್‌ನ ವರ್ಷದ ಆಟ ಪ್ರಶಸ್ತಿ ಪಡೆಯಿತು. ಅದನ್ನು ಒಬ್ಬರೇ ಆಡಲು ಬರುವುದೇ ಇಲ್ಲ. ಎರಡನೆಯವರು ಬೇರೆ ಊರಿನಲ್ಲಿದ್ದರೂ ಅವರು ಇನ್ನೊಂದು ಪ್ರತಿ ಕೊಳ್ಳಬೇಕಿಲ್ಲ, ಬಿಟ್ಟಿ ಪಾಸ್ ಇಳಿಸಿಕೊಂಡು ಮೊದಲನೆಯವರ ಪ್ರತಿಯಲ್ಲೇ ಜೊತೆಯಾಗಬಹುದು. ಅದೇ ಸಂಸ್ಥೆ 2025ರ ಮಾರ್ಚ್‌ನಲ್ಲಿ ತಂದ ಸ್ಪ್ಲಿಟ್ ಫಿಕ್ಷನ್‌ನಲ್ಲೂ ಇದೇ ವ್ಯವಸ್ಥೆ, ಅದೂ ಒಬ್ಬರ ಬಳಿ ಪಿಎಸ್5, ಇನ್ನೊಬ್ಬರ ಬಳಿ ಕಂಪ್ಯೂಟರ್ ಇದ್ದರೂ ನಡೆಯುವಂತೆ. ಬೆಂಗಳೂರಿನ ಅಣ್ಣ, ಧಾರವಾಡದ ತಮ್ಮ ಒಂದೇ ಪ್ರತಿ ಕೊಂಡು ಅದನ್ನು ಶನಿವಾರ ರಾತ್ರಿ ಆಡಬಹುದು.